ನಾಲ್ಕು ಕುರಿಯ ಉಣ್ಣೆಗೆ ಹಲಸಿನ ಹಳದಿ

ಮೂರು ಕಿಲೋ ಬಿಳಿ ಉಣ್ಣೆಯಲ್ಲಿ ಒಂದು ಕಿಲೋ ನಾನು ಮೊದಲ ದಿನವೇ ಹಾಳು ಮಾಡಿದೆ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದವರಿಗೆ ಹೇಳಬೇಕಾದ ದಿನ ನಾನು ಹೇಳಲಿಲ್ಲ.

ನಾನಿರುವುದು ಚಿಗಳ್ಳಿಯಲ್ಲಿ, ಅದು ಗಂಡನ ಮನೆ. ತವರು ದಾಂಡೇಲಿ ಹತ್ತಿರದ ಕೋಗಿಲಬನ. ಬ್ಲೌಸು ಹೊಲಿಯುವುದು ನನ್ನ ಕೆಲಸ. ಹಿಂದಿನ ಮಳೆಗಾಲದಲ್ಲಿ ಧಾರವಾಡಕ್ಕೆ ಹೋಗಿ ಒಂದು ವಾರ ಫೆಲ್ಟಿಂಗ್ ಕಲಿತು ಬಂದಿದ್ದೆ. ಅದರಲ್ಲಿ ಮಗ್ಗವಿಲ್ಲ, ನೂಲೂ ಇಲ್ಲ. ಉಣ್ಣೆಯನ್ನು ಪದರ ಪದರವಾಗಿ ಹರಡಿ, ಬಿಸಿನೀರು ಸಾಬೂನು ಚಿಮುಕಿಸಿ, ತಿಕ್ಕಿ ಉರುಳಿಸಿ, ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವಂತೆ ಮಾಡಿ ಗಟ್ಟಿ ಹಾಸು ತಯಾರಿಸುವುದು. ತರಬೇತಿಯಲ್ಲಿ ಬಣ್ಣ ಹಾಕಿದ ಉಣ್ಣೆ ಪೊಟ್ಟಣದಲ್ಲಿ ಬರುತ್ತಿತ್ತು. ಬಣ್ಣ ಹಾಕುವುದನ್ನು ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಕುದಿಸುವುದು, ಅದ್ದುವುದು, ಒಣಗಿಸುವುದು, ಅದೇನು ಮಹಾ ಎಂದುಕೊಂಡಿದ್ದೆ. ನನ್ನ ಸ್ವಭಾವವೇ ಹಾಗೆ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ‘ಗಡಿಬಿಡಿ’ ಎಂದು ಕರೆದದ್ದೇ ಹೆಚ್ಚು.

ಭತ್ತದ ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ಕುರಿಗಾರರು ಬಂದು ನಮ್ಮ ಹೊಲಗಳಲ್ಲಿ ಹಿಂಡು ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗೆ ಮೇವಾಗುತ್ತದೆ. ಈ ಸಲ ಬಂದ ಕುರಿಗಾರನ ಜೊತೆ ಹೆಂಡತಿ, ಮಗಳು ಇದ್ದರು. ಮಗಳಿಗೆ ಇಪ್ಪತ್ತೊಂದಿರಬೇಕು. ಮದುವೆ ಗೊತ್ತಾಗಿತ್ತು. ಬ್ಲೌಸಿನ ಅಳತೆ ಕೊಡಲು ಬಂದವಳು ನನ್ನ ಹೊಲಿಗೆ ಸ್ಟೂಲಿನ ಮೇಲಿದ್ದ ಫೆಲ್ಟಿನ ಹಾಸನ್ನು ತಿರುವಿ ಮುರುವಿ ನೋಡಿ, ಅಳತೆ ಕೊಡುವುದನ್ನೇ ಮರೆತಳು.

“ಇದಕ್ಕ ಮಗ್ಗ ಬ್ಯಾಡೇನ್ರಿ?”

“ಬ್ಯಾಡ. ಎರಡು ಕೈ ಇದ್ರ ಸಾಕು.”

ಮರುದಿನ ಬೆಳಿಗ್ಗೆ ಒಂದು ಚೀಲ ಹೊತ್ತುಕೊಂಡು ಬಂದಳು. ಬಿಚ್ಚಿದರೆ ಬಿಳಿ ಉಣ್ಣೆ. ನಮ್ಮ ಕಡೆಯ ಕುರಿಯ ಉಣ್ಣೆ ಎಂದರೆ ಕಪ್ಪು. ಬಿಳಿ ಸಿಗುವುದೇ ಅಪರೂಪ. ನನ್ನ ಕಣ್ಣರಳಿತು.

“ಇದು ನನ್ನ ನಾಕ ಕುರೀದ್ರಿ,” ಎಂದಳು. “ನಾ ಹುಟ್ಟಿದಾಗ ಅಪ್ಪ ಒಂದು ಬಿಳಿ ಮರಿ ನನ್ನ ಹೆಸರಿಗೆ ಬಿಟ್ಟಿದ್ದ. ಅದರ ಪೀಳಿಗಿ ಇವು. ನಾ ಹೋಗೂ ಮನ್ಯಾಗ ಕುರಿ ಇಲ್ಲ. ಅಂವಾ ಹಳಿಯಾಳದಾಗ ಗ್ಯಾರೇಜಿಗೆ ಹೋಗತಾನ. ಕುರಿ ಕರಕೊಂಡು ಹೋಗಾಕ ಆಗಂಗಿಲ್ಲ, ಅದಕ್ಕ ಉಣ್ಣಿ ಒಯ್ತೇನಿ.”

ಅವಳಿಗೆ ಬೇಕಾಗಿದ್ದದ್ದು ಅಕ್ಕಿಕಾಳಿಗೆ, ಅಂದರೆ ಅಕ್ಷತೆ ಬೀಳುವಾಗ, ಕೂರುವ ಗದ್ದಿಗೆ. ಅವರಲ್ಲಿ ಮದುಮಕ್ಕಳು ಕೂರುವುದು ಕರಿ ಕಂಬಳಿಯ ಮೇಲೆ. “ಕಂಬಳಿ ಹಾಸೂದು ಹಾಸತಾರ. ಅದರ ಮ್ಯಾಲ ನಂದು ಇರಲಿ. ಅರಿಶಿಣ ಬಣ್ಣದ್ದು. ಇಬ್ಬರು ಕುಂದರೂವಷ್ಟು. ಮುಂದ ಅದು ನನ್ನ ಮನ್ಯಾಗ ಇರತೈತಿ.”

ಹಿಂಡು ಹನ್ನೆರಡನೆಯ ದಿನ ಸಾಂಬ್ರಾಣಿ ಕಡೆ ಹೊರಡುವುದಿತ್ತು. ಅದೇ ದಿನ ತಾಯಿ ಮಗಳು ಮದುವೆ ತಯಾರಿಗೆ ಊರಿಗೆ ಹೋಗುವವರು. “ಅಷ್ಟರಾಗ ಆಕ್ಕೈತೇನ್ರಿ?” ಎಂದು ಕೇಳಿದಳು.

“ಎಂಟ ದಿನ ಸಾಕು,” ಎಂದೆ ನಾನು. ಬಣ್ಣದ ಪಾತ್ರೆಗೆ ಒಮ್ಮೆಯೂ ಕೈ ಹಾಕದವಳ ಧೈರ್ಯ ನೋಡಿ!

ಗದ್ದಿಗೆಯ ಮೇಲ್ಪದರಕ್ಕೆ ಮಿಂಚು ಕೊಡಲು ರೇಷ್ಮೆ ಬೇಕಿತ್ತು. ಪಕ್ಕದೂರಿನ ರೇಷ್ಮೆ ಬೆಳೆಗಾರರು ಚಿಟ್ಟೆ ತೂತು ಮಾಡಿದ್ದ, ನೂಲು ಬಿಚ್ಚಲು ಬಾರದ ಒಂದು ಬುಟ್ಟಿ ಗೂಡು ಕೊಟ್ಟಿದ್ದರು. ರೇಷ್ಮೆಯ ಗೂಡಿಗೆ ಅಂಟು ಇರುತ್ತದೆ. ಅದನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅಂಟು ಕರಗಿ, ಗೂಡು ಹತ್ತಿಯಂತೆ ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ಇದು ತರಬೇತಿಯಲ್ಲಿ ಕಲಿತದ್ದು. ಮಾಡಿದೆ, ಚೆನ್ನಾಗಿಯೇ ಬಂತು. ಗೂಡು ತೆಗೆದ ಮೇಲೆ ಪಾತ್ರೆಯ ತುಂಬ ಹಬೆಯಾಡುವ ಸೋಡಾ ನೀರು ಉಳಿಯಿತು. ನಮ್ಮ ಮನೆಗಳಲ್ಲಿ ಬಿಸಿನೀರು ಚೆಲ್ಲಿದವರಿಲ್ಲ. ಅನ್ನ ಬಸಿದ ಗಂಜಿಯೂ ಸೀರೆಗೆ ಹೋಗುತ್ತದೆ. ಉಣ್ಣೆ ನೋಡಿದರೆ ಕುರಿಯ ಜಿಡ್ಡಿನಿಂದ ಅಂಟಂಟು. ಜಿಡ್ಡು ಹಿಡಿದ ಪಾತ್ರೆಯನ್ನು ಸೋಡಾದಲ್ಲೇ ತಿಕ್ಕುತ್ತೇವಲ್ಲ! ಚೀಲದಿಂದ ಎರಡು ತೆಕ್ಕೆ ಉಣ್ಣೆ ತೆಗೆದು ಅದರಲ್ಲಿ ಮುಳುಗಿಸಿ, ಒಲೆಗೆ ಇನ್ನೊಂದು ಕಟ್ಟಿಗೆ ನೂಕಿ, ಹೊಲಿಗೆ ಮೆಷಿನ್ನಿಗೆ ಹೋಗಿ ಕುಳಿತೆ.

ಅರ್ಧ ತಾಸಿನ ಮೇಲೆ ಬಂದು ಕೋಲಿನಿಂದ ಎತ್ತಿದರೆ ಉಣ್ಣೆ ಲೋಳೆಲೋಳೆಯಾಗಿ ಜೋತುಬಿತ್ತು. ಕೈಯಲ್ಲಿ ಹಿಡಿದರೆ ಎಳೆಗಳು ನೆನೆದ ಕಾಗದದ ಹಾಗೆ ಹರಿದುಬರುತ್ತಿದ್ದವು. ಬಣ್ಣ ಕೊಳೆತ ಹಲ್ಲಿನ ಹಳದಿ. ರೇಷ್ಮೆ ತಡೆದುಕೊಳ್ಳುವ ಸೋಡಾವನ್ನು ಉಣ್ಣೆ ತಡೆದುಕೊಳ್ಳುವುದಿಲ್ಲ ಎಂದು ಧಾರವಾಡದ ಮೇಡಂ ಫೋನಿನಲ್ಲಿ ಹೇಳಿದರು. “ಮೊದಲs ಕೇಳಬಾರದಿತ್ತೇನವಾ? ಉಣ್ಣಿಗೆ ಅಂಟುವಾಳ, ಉಗುರುಬೆಚ್ಚಗಿನ ನೀರು, ಅಷ್ಟs,” ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಾಳಾದದ್ದನ್ನು ಹಿಂಡಿ, ಗೋಣಿಯಲ್ಲಿ ತುಂಬಿ, ಕೊಟ್ಟಿಗೆಯ ಹಿಂದೆ ಕಟ್ಟಿಗೆ ಒಟ್ಟಿದ ಕಡೆ ಅಡಗಿಸಿಟ್ಟೆ.

ಅತ್ತೆಯ ಕಣ್ಣಿಗೆ ಬೀಳದ್ದು ನಮ್ಮ ಮನೆಯಲ್ಲಿ ಯಾವುದೂ ಇಲ್ಲ. “ಏನ ಮುಚ್ಚಾಕತ್ತೀ ಅಲ್ಲಿ?” ಎಂದು ಬಂದೇಬಿಟ್ಟರು. ಹೇಳಿದೆ. ಅವರು ಗೋಣಿಯ ಬಾಯಿ ಬಿಡಿಸಿ ನೋಡಿ, “ಅಳಬ್ಯಾಡ. ಬಿಳಿ ಉಣ್ಣಿ ಅಂದ್ರ ಬಿಳಿ ಉಣ್ಣಿ. ಅದರ ಮ್ಯಾಲ ಕುರಿ ಹೆಸರು ಬರದೈತೇನ? ಅವರಪ್ಪನ ಕಡೆ ಇನ್ನಷ್ಟು ಇಸಗೊಂಡು ಬೆರಸು,” ಎಂದರು.

ನನಗೂ ಅದೇ ಬೇಕಿತ್ತು. ಆ ಸಂಜೆಯೇ ಹಿಂಡು ನಿಂತಿದ್ದ ಹೊಲಕ್ಕೆ ಹೋದೆ. ಕಪ್ಪು ಹಿಂಡಿನ ನಡುವೆ ಅಲ್ಲಲ್ಲಿ ಬಿಳಿ ಕಂಡ ನೆನಪಿತ್ತು. ಇಷ್ಟು ದೊಡ್ಡ ಹಿಂಡಿನಲ್ಲಿ ಬಿಳಿ ಕುರಿ ನಾಲ್ಕೇ ಇರುತ್ತವೆಯೇ? ಮಗಳು ಬಾವಿಯ ಕಡೆ ಹೋಗಿದ್ದಳು. ಕುರಿಗಾರ ಕಂಬಳಿ ಹೊದ್ದು ಹಿಂಡಿನ ಸುತ್ತ ಕಟ್ಟುವ ಬಲೆಯ ಗೂಟ ಬಿಗಿಯುತ್ತಿದ್ದ. “ಇನ್ನ ಸ್ವಲ್ಪ ಬಿಳಿ ಉಣ್ಣಿ ಇದ್ರ ಕೊಡ್ರಿ,” ಎಂದೆ.

“ಕಮ್ಮಿ ಬಿತ್ತೇನ್ರಿ?”

“ಗದ್ದಿಗಿ ತುಸು ದಪ್ಪ ಮಾಡೂಣು ಅಂತ.” ಸುಳ್ಳು ಎಷ್ಟು ಸಲೀಸಾಗಿ ಬಂತು!

ಆತ ಗುಡಾರದೊಳಗೆ ಹೋದ. ಹೊರಗೆ ಬರಲು ಹೊತ್ತಾಯಿತು. ಕೈಯಲ್ಲಿ ಒಂದು ಸಣ್ಣ ಗಂಟಿತ್ತು, ಹಳೆಯ ಪಂಚೆಯ ತುಂಡಿನಲ್ಲಿ ಎರಡೆರಡು ಸಲ ಕಟ್ಟಿದ್ದು. ಒಂದು ಕಿಲೋ ಇರಲಿಲ್ಲ, ಅರ್ಧ ಇರಬಹುದು. “ಇಷ್ಟ ಐತ್ರಿ,” ಎಂದು ನನ್ನ ಕೈಗಿಟ್ಟ. ನಾನು ಗಂಟು ಎದೆಗವಚಿಕೊಂಡು ಬಿರಬಿರನೆ ಬಂದೆ, ಹುಡುಗಿ ಎದುರು ಸಿಕ್ಕಾಳೆಂದು.

ಉಳಿದ ಎರಡು ಕಿಲೋ ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ನೆನೆಸಿ ಎತ್ತಿದೆ. ಉಣ್ಣೆ ತೊಳೆಯುವಾಗ ಕಲಕಬಾರದು, ತಿಕ್ಕಬಾರದು, ಬಿಸಿಯಿಂದ ತಣ್ಣೀರಿಗೆ ಹಾರಿಸಬಾರದು. ಹಾಗೆ ಮಾಡಿದರೆ ಪಾತ್ರೆಯಲ್ಲೇ ಗಂಟು ಕಟ್ಟುತ್ತದೆ. ಸುಮ್ಮನೆ ಒತ್ತಬೇಕು, ಕಾಯಬೇಕು. ನನಗೆ ಕಾಯುವುದು ಅಂದರೆ ಮೈಮೇಲೆ ಕೆಂಪಿರುವೆ ಬಿಟ್ಟಂತೆ. ನಿಂತೆ, ಕುಂತೆ, ಮೆಷಿನ್ನಿಗೆ ಹೋಗಿ ಎರಡು ಹೊಲಿಗೆ ಹಾಕಿ ಮತ್ತೆ ಬಂದೆ.

ಮೂರನೆಯ ದಿನ ಬಣ್ಣ. ಅರಿಶಿಣದ ಬಣ್ಣ ಬೇಕೆಂದರೆ ಅರಿಶಿಣ ಹಾಕಬೇಕು, ಅದಕ್ಕೇನು ಓದು ಬೇಕೇ? ಒಂದು ಹಿಡಿ ಉಣ್ಣೆ, ಒಂದು ಎಸಳು ರೇಷ್ಮೆ ತೆಗೆದುಕೊಂಡು ಅರಿಶಿಣದ ನೀರಿನಲ್ಲಿ ಬಿಸಿ ಮಾಡಿದೆ. ಅಬ್ಬಾ, ಆ ಹಳದಿ! ರೇಷ್ಮೆಯಂತೂ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಹುಡುಗಿ ಅಷ್ಟರಲ್ಲೇ ಬಂದು ನೋಡಿ, ಕೆನ್ನೆಗೆ ಒತ್ತಿಕೊಂಡು, “ಇದs ರೀ, ಇದs ಬಣ್ಣ,” ಎಂದಳು. ಉಳಿದ ಉಣ್ಣೆ ಎಷ್ಟಿದೆ ಎಂದು ಅವಳು ಕೇಳಲಿಲ್ಲ. ನಾನು ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದೆ.

ಅವಳು ಹೋದ ಮೇಲೆ ಆ ಹಿಡಿ ಉಣ್ಣೆಯನ್ನು ಅಂಗೈಯಗಲಕ್ಕೆ ಹರಡಿ, ಫೆಲ್ಟ್ ಆಗುತ್ತದೋ ನೋಡೋಣವೆಂದು ಸಾಬೂನಿನ ಬಿಸಿನೀರು ಚಿಮುಕಿಸಿದೆ. ಚಿಮುಕಿಸಿದಲ್ಲೆಲ್ಲ ಕೆಂಪಾಯಿತು. ಕೈಯಿಂದ ತಿಕ್ಕಿದಂತೆಲ್ಲ ಕೆಂಪು ಹರಡಿ, ಇಡೀ ತುಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿತು. “ಅಯ್ಯ ಶಿವನs!” ಎಂದು ಕೂಗಿಕೊಂಡೆ.

ಅತ್ತೆ ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಷ್ಟ ಮಂದಿಗೆ ಆರತಿ ಎತ್ತೀದಿಯೇ ಗಡಿಬಿಡಿ ನೀನು? ಅರಿಶಿಣಕ್ಕ ಸುಣ್ಣ ಹಾಕಿದ್ರ ಏನಾಗತೈತಿ?”

ಕೆಂಪಾಗುತ್ತದೆ. ಆರತಿ ನೀರು. ಮದುವೆಯಾಗಿ ಬಂದಾಗಿನಿಂದ ನೂರು ಸಲ ನಾನೇ ಕಲಸಿದ್ದೇನೆ. ಸುಣ್ಣ ಮಾಡುವುದನ್ನೇ ಸಾಬೂನೂ ಮಾಡುತ್ತದೆ ಎಂದು ತಲೆಗೆ ಹೊಳೆಯಲೇ ಇಲ್ಲ. ಆ ಕ್ಷಣ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅಡುಗೆಮನೆಗೆ ನುಗ್ಗಿ ತವರಿನಿಂದ ತಂದಿದ್ದ ಬಿಳಿ ಮುರುಗಲ ಹುಳಿಯ ನಾಲ್ಕು ಸಿಪ್ಪೆ ನೀರಿಗೆ ಹಿಂಡಿ ಆ ತುಂಡಿನ ಮೇಲೆ ಸುರಿದೆ. ಸಾಬೂನು ಕೆಡಿಸಿದ್ದನ್ನು ಹುಳಿ ಸರಿಮಾಡೀತೇನೋ ಎಂಬ ಹಟ. ಸರಿಮಾಡಿತು! ಕೆಂಪು ಹಿಂದೆ ಸರಿದು ಹಳದಿ ಮರಳಿತು. ಅತ್ತೆಯ ನಗು ಗಕ್ಕನೆ ನಿಂತಿತು. ನನಗೆ ಆಕಾಶ ಮೂರೇ ಗೇಣು.

“ಬಣ್ಣ ಬಂತು ಖರೆ,” ಎಂದರು ಅತ್ತೆ, ಸೋಲೊಪ್ಪದೆ. “ಮದುಮಗಳ ಮೈಮ್ಯಾಲಿನ ಅರಿಶಿಣ ಎಷ್ಟ ದಿನ ಇರತೈತಿ?”

ಮಾತು ಒಳಗೆ ಚುಚ್ಚಿತು. ತುಂಡನ್ನು ಹೆಂಚಿನ ಮೇಲೆ ಬಿಸಿಲಿಗೆ ಹಾಕಿ, ಅರ್ಧಕ್ಕೆ ಒಂದು ಹಲಗೆ ಮುಚ್ಚಿ ಬಂದೆ. ನಾಲ್ಕನೆಯ ದಿನ ಏಣಿ ಹತ್ತಿದೆ, ಐದನೆಯ ದಿನ ಮೂರು ಸಲ ಹತ್ತಿದೆ. ಆರನೆಯ ದಿನ ಹಲಗೆ ಎತ್ತಿ ನೋಡಿದರೆ ಮುಚ್ಚಿದ ಅರ್ಧ ಅರಿಶಿಣ, ತೆರೆದ ಅರ್ಧ ಮಾಸಿದ ಬನಿಯನ್ನಿನ ಬಣ್ಣ. ಮೂರು ದಿನದ ಬಿಸಿಲಿಗೇ ಹೀಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಕೆಲಸ.

ಈ ಹಳದಿಯನ್ನೇ ಕೊಟ್ಟು ಕಳಿಸಬಹುದಿತ್ತು. ಮದುವೆಯ ದಿನ ಮಿಂಚುತ್ತಿತ್ತು, ಆಮೇಲೆ ಮಾಸಿದರೆ ನನ್ನನ್ನು ಹುಡುಕಿಕೊಂಡು ಯಾರು ಬರುತ್ತಿದ್ದರು? ಒಂದಿಡೀ ಮಧ್ಯಾಹ್ನ ಈ ಯೋಚನೆ ನನ್ನನ್ನು ಕಾಡಿತು. ಆದರೆ ‘ಮುಂದ ಅದು ನನ್ನ ಮನ್ಯಾಗ ಇರತೈತಿ’ ಎಂದಿದ್ದಳಲ್ಲ. ಮೇಡಂಗೆ ಮತ್ತೆ ಫೋನು ಮಾಡಿದೆ. ಬಿಸಿಲಿಗೆ ಜಗ್ಗದ ಹಳದಿ ಹಲಸಿನ ಮರದ ಕೆಚ್ಚಿನಲ್ಲಿ, ಅಂದರೆ ಒಳತಿರುಳಿನಲ್ಲಿದೆ, ಅದರ ಹೊಟ್ಟು ಸಿಕ್ಕರೆ ಸಾಕು, ಆದರೆ ಬಣ್ಣ ಕಚ್ಚಿಕೊಳ್ಳಬೇಕೆಂದರೆ ಉಣ್ಣೆಗೆ ಮೊದಲು ಪಟಕದ ನೀರು ಕುಡಿಸಬೇಕು ಎಂದರು.

ಏಳನೆಯ ದಿನ ಮುಂಡಗೋಡದ ಒಂದು ಮರ ಕೊಯ್ಯುವ ಅಡ್ಡೆಗೆ ಓಡಿ, ಹಲಸಿನದೇ ಎಂದು ಹೇಳಿದ ರಾಶಿಯಿಂದ ಒಂದು ಚೀಲ ಹೊಟ್ಟು ತಂದೆ. ಒಂದು ಹಿಡಿ ಉಣ್ಣೆ ಅದ್ದಿದರೆ ಬಂದದ್ದು ಚಹಾದ ಕಂದು. ಆ ರಾಶಿಯಲ್ಲಿ ಸಾಗವಾನಿ, ಮತ್ತಿ, ಹಲಸು ಎಲ್ಲ ಬೆರೆತಿತ್ತು. ಉಳಿದದ್ದು ಐದು ದಿನ. ಎಂಟು ದಿನ ಸಾಕು ಎಂದ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಎಂಟನೆಯ ದಿನ ಬೆಳಗಿನ ಬಸ್ಸಿಗೆ ಕೋಗಿಲಬನಕ್ಕೆ ಹೊರಟೆ. ತವರುಮನೆಯ ಬಗಲಲ್ಲೇ ಒಬ್ಬರು ಬಡಿಗೇರರಿದ್ದಾರೆ, ಜೋಯಿಡಾ ಕಡೆಯವರು, ನಾನು ಲಂಗ ಹಾಕುತ್ತಿದ್ದಾಗಿನಿಂದ ಗೊತ್ತು. ಹಲಸಿನ ಮರದಲ್ಲಿ ದೇವರ ಮಂಟಪ ಮಾಡುವುದರಲ್ಲಿ ಅವರದು ಎತ್ತಿದ ಕೈ. ಬಸ್ಸು ಹಳಿಯಾಳದಲ್ಲಿ ನಿಂತಿತು, ದಾಂಡೇಲಿಯಲ್ಲಿ ನಿಂತಿತು, ನನಗೆ ಇಳಿದು ನೂಕಬೇಕು ಅನ್ನಿಸುತ್ತಿತ್ತು.

“ಕಾಯ್ ಗ, ತವರ ನೆನಪಾತೇನ?” ಎಂದು ಬಡಿಗೇರರು ತಮ್ಮ ಮರಾಠಿ ಬೆರೆಸಿ ಕೇಳಿ ನಕ್ಕರು. ಗರಗಸದ ಕೆಳಗೆ ಮೊಣಕಾಲೆತ್ತರ ಹೊಟ್ಟು ಬಿದ್ದಿತ್ತು. ಅದರಲ್ಲಿ ಹಳದಿ ಬಣ್ಣದ್ದೇ ಹೆಚ್ಚು ಕಾಣುತ್ತಿತ್ತು.

“ಕಾಕಾ, ಇದರಾಗಿನದು ಒಂದು ಚೀಲ ತುಂಬಿಕೊಳ್ಳಲೇನ? ಬಸ್ಸಿಗೆ ಹೊತ್ತಾಕ್ಕೈತಿ.”

“ಎದಕ್ಕ?”

“ಬಣ್ಣಕ್ಕ. ಮದುವಿ ಗದ್ದಿಗಿಗೆ.”

“ಹಂಗಾರ ಇದು ಬ್ಯಾಡ,” ಎಂದರು. “ನಿನ್ನೆ ಸಾಗವಾನಿ ಕೊಯ್ದೇನಿ. ಬೆರಕಿ ಐತಿ.”

“ಹಳದೀನs ಜಾಸ್ತಿ ಐತಲ್ಲ ಕಾಕಾ. ಸ್ವಲ್ಪ ಬೆರತ್ರ ಏನಾತು? ಯಾರಿಗೆ ಗೊತ್ತಾಕ್ಕೈತಿ?”

ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಸಿಟ್ಟಿರಲಿಲ್ಲ, ಬೆರಗಿತ್ತು. “ನನಗ ಗೊತ್ತೈತಲ್ಲ ಬಾಯಿ. ನೀ ಹಲಸಿಂದು ಕೇಳೀದಿ, ನಾ ಹಲಸಿಂದು ಕೊಡತೇನಿ. ಕುಂದರ.”

ಮಾಡುತ್ತಿದ್ದ ಕೆಲಸ ನಿಲ್ಲಿಸಿದರು. ಹೊಟ್ಟನ್ನೆಲ್ಲ ಗೋರಿ ಆಚೆ ಹಾಕಿದರು. ಗರಗಸದ ಹಲ್ಲಿನ ಸಂದುಗಳನ್ನು ಕುಂಚದಿಂದ ಕೆರೆದರು. ನೆಲ ಗುಡಿಸಿ, ಹಳೆಯ ಚಾದರ ಹಾಸಿ, ಮೂಲೆಯಲ್ಲಿದ್ದ ಹಲಸಿನ ಕೊರಡೊಂದನ್ನು ಎಳೆದು ತಂದು, ಹೊರಗಿನ ಬಿಳಿ ಭಾಗ ಕೆತ್ತಿ ತೆಗೆದು, ಬರೀ ಕೆಚ್ಚನ್ನು ಕೊಯ್ದರು. ಎರಡು ತಾಸು ಹಿಡಿಯಿತು. ಮಧ್ಯಾಹ್ನದ ಬಸ್ಸು ತಪ್ಪಿತು. ನಾನು ಅಲ್ಲಿ ಕುಳಿತು ಚಡಪಡಿಸಿದೆ. ಆದರೆ ಬಸ್ಸಿಗಾಗಿ ಅಲ್ಲ. ಮನೆಯಲ್ಲಿ, ಮೆಷಿನ್ನಿನ ಪಕ್ಕದ ಗೂಡಿನಲ್ಲಿಟ್ಟು ಬಂದಿದ್ದ ಪಂಚೆಯ ಗಂಟು ಕಣ್ಣಮುಂದೆ ಕಟ್ಟುತ್ತಿತ್ತು. ನಾಲ್ಕು ಕುರಿಯ ಉಣ್ಣೆ ಕೊಟ್ಟವಳಿಗೆ ನಾನು ಏನು ಕೊಡಲು ಹೊರಟಿದ್ದೇನೆ?

ಸಂಜೆಯ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ತೀರ್ಮಾನವಾಯಿತು. ಗಂಟು ಬಿಚ್ಚುವುದಿಲ್ಲ. ಇದ್ದದ್ದರಲ್ಲಿ ಎಷ್ಟಾಗುತ್ತದೋ ಅಷ್ಟು. ಹುಡುಗಿಗೆ ಹೇಳಿಬಿಡುವುದು.

ಒಂಬತ್ತನೆಯ ದಿನ ಉಣ್ಣೆ, ರೇಷ್ಮೆಗಳನ್ನು ಪಟಕ ಕರಗಿಸಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದು ತಾಸು ಇಟ್ಟು, ಅದರಲ್ಲೇ ಆರಲು ಬಿಟ್ಟೆ. ಹಲಸಿನ ಹೊಟ್ಟನ್ನು ಇನ್ನೊಂದು ಪಾತ್ರೆಯಲ್ಲಿ ನೆನೆಹಾಕಿದೆ. ಹತ್ತನೆಯ ದಿನ ಹೊಟ್ಟನ್ನು ಕುದಿಸಿ, ಸೋಸಿ, ಕಷಾಯ ಉಗುರುಬೆಚ್ಚಗಾಗುವವರೆಗೆ ಕಾದು, ಉಣ್ಣೆ ಇಳಿಬಿಟ್ಟೆ. ಮತ್ತೆ ಸಣ್ಣ ಉರಿ. ಕುದಿ ಬರಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಮಾತ್ರ. ಕಲಕಬಾರದು. ಕೈ ಕೋಲಿನ ಕಡೆ ಹೋದಾಗಲೆಲ್ಲ ಅತ್ತೆ “ಹೂಂ?” ಎನ್ನುತ್ತಿದ್ದರು. ಕೊನೆಗೆ ಕೋಲನ್ನು ಕಸಿದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ರೇಷ್ಮೆಯನ್ನು ಉರಿ ತೆಗೆದ ಮೇಲೆ, ಬಿಸಿ ಇಳಿಯುವಾಗ ಹಾಕಿದೆ. ಅದಕ್ಕೆ ಅಷ್ಟು ಶಾಖ ಸಾಕು.

ಎತ್ತಿದಾಗ ಬಂದ ಹಳದಿ ಅರಿಶಿಣದಷ್ಟು ಕಣ್ಣು ಕುಕ್ಕುವುದಾಗಿರಲಿಲ್ಲ. ಮಾಗಿದ ಹಲಸಿನ ತೊಳೆಯ ಬಣ್ಣವೇ, ರೇಷ್ಮೆಯಲ್ಲಿ ಮಾತ್ರ ಬಂಗಾರದ ಅಂಚು. ಒಂದು ಎಳೆಗೆ ಸಾಬೂನು ನೀರು ಹಾಕಿದೆ. ತುಸು ಗಾಢವಾಯಿತು, ಕೆಂಪಾಗಲಿಲ್ಲ. ಆಗ ನಾನು ಕೊಟ್ಟಿಗೆಯಲ್ಲೇ ಒಂದು ಸುತ್ತು ಕುಣಿದೆ, ಸುಳ್ಳು ಯಾಕೆ ಹೇಳಲಿ.

ಹನ್ನೊಂದನೆಯ ದಿನ ಬೆಳಿಗ್ಗೆ ಹುಡುಗಿ ತಾನಾಗಿಯೇ ಕೈಜೋಡಿಸಲು ಬಂದಳು. ಬಿಸಿಲಿಗೆ ಮಾಸಿದ ಅರಿಶಿಣದ ತುಂಡು ತೋರಿಸಿ ಬಣ್ಣ ಯಾಕೆ ಬದಲಾಯಿಸಿದೆ ಎಂದು ಹೇಳಿದೆ, ಹೊಸ ಹಳದಿ ಸವರಿ ನೋಡಿ ತಲೆಯಾಡಿಸಿದಳು. ಬಿದಿರಿನ ಚಾಪೆ ಹಾಸಿ, ಅದರ ಮೇಲೆ ಹಿಂಜಿದ ಉಣ್ಣೆಯ ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ ಹರಡಿದೆವು. ಮೇಲೆ ರೇಷ್ಮೆಯನ್ನು ಹೊಗೆಯಷ್ಟು ತೆಳ್ಳಗೆ ಎಳೆದು ಹಾಕಿದೆ. ರೇಷ್ಮೆ ತಾನಾಗಿ ಹಿಡಿಯುವುದಿಲ್ಲ, ಉಣ್ಣೆಯ ಎಳೆಗಳು ಮೇಲೆ ಬಂದು ಅದನ್ನು ಹಿಡಿದುಕೊಳ್ಳಬೇಕು. ಹರಡಿ ಮುಗಿದಾಗ ಅವಳು ಚಾಪೆಯ ಸುತ್ತ ನಡೆದು, “ಇಷ್ಟನ ರೀ ಉಣ್ಣಿ?” ಎಂದಳು.

ಇನ್ನು ತಡೆಯಲಾಗಲಿಲ್ಲ. “ಒಂದು ಕೇಜಿ ನಾ ಹಾಳು ಮಾಡೇನವಾ. ಮೊದಲನೇ ದಿನಾನ. ಸೋಡಾ ನೀರಾಗ ಕುದಿಸಿಬಿಟ್ಟೆ.”

ಅವಳ ಮುಖ ಬಿಳುಚಿಕೊಂಡಿತು. “ಅವತ್ತs ಯಾಕ ಹೇಳಲಿಲ್ಲರಿ?”

“ಅಂಜಿದೆ.”

“ಮತ್ತ ಈಗ?”

“ಈಗೂ ಅಂಜೇನಿ.”

ಅವಳು ಬಗ್ಗಿ ಚಾಪೆಯ ಅಂಚಿಗೆ ಸರಿದಿದ್ದ ಒಂದು ಎಳೆಯನ್ನು ಒಳಗೆ ಸೇರಿಸಿದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, “ಹಾಳಾದ್ದು ಎಲ್ಲೈತಿ? ಚೆಲ್ಲೀರೇನ?” ಎಂದು ಕೇಳಿದಳು. ಗೋಣಿ ತಂದು ಮುಂದಿಟ್ಟೆ. ಒಂದು ಹಿಡಿ ತೆಗೆದು ಬೆರಳಿನಲ್ಲಿ ಉಜ್ಜಿದಳು, ಪುಡಿಪುಡಿಯಾಗಿ ಉದುರಿತು. ಕಣ್ಣಲ್ಲಿ ನೀರು ತುಂಬಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. “ಉಣ್ಣಿ ಚಲೋ ಗೊಬ್ಬರ ಆಕ್ಕೈತ್ರಿ. ಆ ಮನ್ಯಾಗ ಮಲ್ಲಿಗಿ ಹಚ್ಚತೇನಿ, ಅದರ ಬುಡಕ್ಕ ಹಾಕತೇನಿ. ಇದನ್ನೂ ಕಟ್ಟಿ ಕೊಡ್ರಿ.” ಹಾಗೆಂದು ಸೆರಗು ಸಿಕ್ಕಿಸಿ ಚಾಪೆಯ ಆ ತುದಿ ಹಿಡಿದಳು. “ನೀರು ಹಾಕ್ರಿ. ಹೊತ್ತಾತು.”

ಬಿಸಿನೀರು, ಸಾಬೂನು, ಮೇಲೆ ಸೊಳ್ಳೆಪರದೆಯ ತುಂಡು. ಮೊದಲು ಅಂಗೈಯಿಂದ ಒತ್ತಿದೆವು, ಆಮೇಲೆ ಚಾಪೆ ಸುತ್ತಿ ಹಗ್ಗ ಕಟ್ಟಿ ಉರುಳಿಸಿದೆವು. ಆಕಡೆ ನೂರು, ಈಕಡೆ ನೂರು, ಬಿಚ್ಚಿ ತಿರುಗಿಸಿ ಮತ್ತೆ ನೂರು. ನಮ್ಮ ಕಡೆಯ ಒರಟು ಉಣ್ಣೆ ಬೇಗ ಕಚ್ಚಿಕೊಳ್ಳುವುದಿಲ್ಲ. ಮೂರು ಸುತ್ತಿನ ಮೇಲೂ ಎಳೆದರೆ ಬಿಟ್ಟುಬರುತ್ತಿತ್ತು. ಅತ್ತೆ ಬಾಗಿಲ ಹೊಸ್ತಿಲಲ್ಲಿ ಕುಳಿತು ಎಣಿಸುತ್ತ, ನಾನು ನೂರನ್ನು ಎಂಬತ್ತಕ್ಕೇ ಮುಗಿಸಲು ಹೋದಾಗಲೆಲ್ಲ “ಇನ್ನ ಇಪ್ಪತ್ತು” ಎಂದು ಗದರುತ್ತಿದ್ದರು. ಊಟದ ಹೊತ್ತು ಮೀರಿದ ಮೇಲೆ ಒಮ್ಮೆ ಬಿಚ್ಚಿ ಚಿವುಟಿದರೆ ಎಳೆ ಮೇಲೇಳಲಿಲ್ಲ. ರೇಷ್ಮೆ ಉಣ್ಣೆಯೊಳಗೆ ಹೊಕ್ಕು ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. ಗದ್ದಿಗೆಯಾಗಿತ್ತು.

ಫೆಲ್ಟ್ ಆದಂತೆ ಹಾಸು ಕುಗ್ಗುತ್ತದೆ. ಇದು ಕುಗ್ಗುವುದು ಕುಗ್ಗಿ, ಕೊನೆಗೆ ಉಳಿದದ್ದು ಉದ್ದ ಎರಡೂವರೆ ಅಡಿ, ಅಗಲ ಎರಡು ಅಡಿ. ಒಬ್ಬರು ಆರಾಮವಾಗಿ ಕೂರಬಹುದು. ಇಬ್ಬರು?

ಹನ್ನೆರಡನೆಯ ದಿನ ಬೆಳಿಗ್ಗೆ ತಂದೆ ಮಗಳು ಇಬ್ಬರೂ ಬಂದರು. ಹಿಂಡು ಹೊರಡಲು ಅಣಿಯಾಗಿ ದಾರಿಯ ಮೇಲೆ ನಿಂತಿತ್ತು. ಕಟ್ಟೆಯ ಮೇಲೆ ಅವರ ಕರಿ ಕಂಬಳಿ ಹಾಸಿ, ಮೇಲೆ ಗದ್ದಿಗೆ ಹಾಕಿದೆ. ಕಪ್ಪಿನ ಮೇಲೆ ಆ ಹಳದಿ ಇದ್ದ ಚಂದ ನಾನು ಹೇಳಲಾರೆ. ಕುರಿಗಾರ ಗೇಣು ಹಾಕಿ ಅಳೆದು, “ಬಣ್ಣ ಭಾಳ ಚಲೋ ಬಂದೈತ್ರಿ. ಆದ್ರ ಇಬ್ಬರು ಹಿಡಿಯಂಗಿಲ್ಲ,” ಎಂದ.

ಹುಡುಗಿ ಹೋಗಿ ಅದರ ಒಂದು ಅಂಚಿಗೆ ಕುಳಿತಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಬಂದವರೇ, “ಸರಿ ಸ್ವಲ್ಪ,” ಎಂದು ಅವಳ ಪಕ್ಕದಲ್ಲಿ ಧಪ್ಪನೆ ಕುಳಿತೇಬಿಟ್ಟರು. ಹುಡುಗಿ ಒತ್ತರಿಸಿಕೊಂಡು ಕಿಲಕಿಲನೆ ನಕ್ಕಳು.

“ನೋಡಪಾ,” ಎಂದರು ಅತ್ತೆ ಕುರಿಗಾರನಿಗೆ. “ಇಷ್ಟ ದಪ್ಪಾಕಿ ನಾನs ಹಿಡದೇನಿ. ಗ್ಯಾರೇಜಿನಾಂವ ಹಿಡಿಯಂಗಿಲ್ಲೇನ? ಮದುವಿ ದಿನ ಹತ್ರ ಕುಂತ್ರ ಯಾರ ಬ್ಯಾಡಂತಾರ?”

ಕುರಿಗಾರ ಮುಖ ಆಚೆ ತಿರುಗಿಸಿ ನಕ್ಕ. ಹುಡುಗಿ ಗದ್ದಿಗೆ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು, ಗೋಣಿಯನ್ನು ತಲೆಯ ಮೇಲಿಟ್ಟು, ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ತಾಯಿಯ ಕಡೆ ಹೋದಳು.

ಆಮೇಲೆ ನಾನು ಒಳಗಿನಿಂದ ಪಂಚೆಯ ಗಂಟು ತಂದು ಆತನ ಕೈಗಿಟ್ಟೆ. “ಇದನ್ನ ಬಳಸಲಿಲ್ಲರಿ. ಇದು ಅಕಿ ಕುರೀದಲ್ಲಲ್ಲ, ಬೆರಸಬಾರದು ಅನಿಸ್ತು.”

ಆತ ಗಂಟನ್ನೇ ನೋಡುತ್ತ ನಿಂತ. “ಅಕಿ ಕುರೀದs ಐತ್ರಿ ಇದು,” ಎಂದ. “ನಮ್ಮ ಹಿಂಡಿನಾಗ ಬ್ಯಾರೆ ಬಿಳಿ ಕುರಿ ಎಲ್ಲದಾವ?”

ನಾನು ದಾರಿಯ ಕಡೆ ತಿರುಗಿ ನೋಡಿದೆ. ಹಿಂಡೆಲ್ಲ ಕಪ್ಪು, ನಡುವೆ ನಾಲ್ಕೇ ನಾಲ್ಕು ಬಿಳಿ. ಹನ್ನೆರಡು ದಿನ ನಮ್ಮೂರ ಹೊಲದಲ್ಲೇ ಮಲಗಿದ್ದ ಕುರಿಗಳು. ನನ್ನ ಗಡಿಬಿಡಿಯಲ್ಲಿ ಉಣ್ಣೆ ನೋಡಿದ್ದೆನೇ ಹೊರತು ಕುರಿಗಳನ್ನು ಸರಿಯಾಗಿ ನೋಡಿರಲಿಲ್ಲ.

“ಕತ್ತರಸೂವಾಗ ಅಕಿಗೆ ಗೊತ್ತಾಗದಂಗ ಇಷ್ಟ ತಗದು ಇಟ್ಕೊಂಡಿದ್ದೆ,” ಎಂದ ಕುರಿಗಾರ. “ಅಕಿ ಹೋದ ಮ್ಯಾಲ ನನಗಂತ.”

“ಹಂಗಾರ ನಾ ಕೇಳಿದಾಗ ಯಾಕ ಕೊಟ್ರಿ?”

“ಅಕಿ ಗದ್ದಿಗಿಗೆ ಇನ್ನಷ್ಟು ಬೇಕು ಅಂದ್ರಿ. ಅಕಿಗೆ ಕಮ್ಮಿ ಮಾಡಿ ನಾ ಇಟ್ಕೊಂಡು ಏನ ಮಾಡ್ಲಿರಿ?”

ಗಂಟನ್ನು ಕಂಬಳಿಯ ಒಳಗೆ, ಎದೆಯ ಹತ್ತಿರ ಸೇರಿಸಿಕೊಂಡು, ಮೇಲಿನಿಂದ ಒಮ್ಮೆ ಅಂಗೈಯಲ್ಲಿ ಒತ್ತಿ ನೋಡಿಕೊಂಡ. ಮತ್ತೆ ನನ್ನ ಕಡೆ ತಿರುಗಲಿಲ್ಲ. ಕೋಲೆತ್ತಿ “ಹೋಗೂಣು ನಡೀರಿ” ಎಂದು ಕುರಿಗಳಿಗೆ ಹೇಳಿ, ಸಾಂಬ್ರಾಣಿಯ ದಾರಿ ಹಿಡಿದ.